ಪುಕ್ಕಟೆ ಕೆಲಸಕ್ಕೂ ಸಂಬಳದವರು ಬೇಕು

2017ರ ಮಾರ್ಚ್ 16ರಂದು ವಾಷಿಂಗ್ಟನ್‌ನಲ್ಲಿ ಟ್ರಂಪ್ ಸರ್ಕಾರದ ಮೊದಲ ಬಜೆಟ್ಟಿನ ಕರಡು ಹೊರಬಿತ್ತು. ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್ ಎಂಬ ಬಾಬಿಗೆ ಸೊನ್ನೆ. ಫೋರ್ಡ್ ಅಧ್ಯಕ್ಷರಾಗಿದ್ದಾಗ, 1974ರಲ್ಲಿ, ಕಾನೂನಾಗಿ ಬಂದ ಅನುದಾನ ಅದು. ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ದೇಶದ ಊರೂರಿಗೆ ಹಂಚಿಹೋಗುತ್ತಿತ್ತು. ಫಲಿತಾಂಶ ಕಾಣುತ್ತಿಲ್ಲ, ಅದಕ್ಕೇ ನಿಲ್ಲಿಸುತ್ತಿದ್ದೇವೆ ಎಂಬುದು ಬಜೆಟ್ ಕಚೇರಿಯ ವಾದ.

ನಾನಾಗ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿದ್ದೆ. ಹಗಲೆಲ್ಲ ಸಾಫ್ಟ್‌ವೇರ್ ಕೆಲಸ, ತೆರಿಗೆಯ ಹಂಗಾಮಿನಲ್ಲಿ ಶನಿವಾರ ಮಾತ್ರ ನಗರದ ಪೂರ್ವಭಾಗದ ಒಂದು ಸಮುದಾಯ ಸಂಸ್ಥೆಯಲ್ಲಿ ಸ್ವಯಂಸೇವೆ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನವರದೇ ವೀಟಾ ಎಂಬ ಯೋಜನೆಯಿದೆ. ಪರೀಕ್ಷೆ ಪಾಸು ಮಾಡಿದ ಸ್ವಯಂಸೇವಕರು ಕಡಿಮೆ ಆದಾಯದವರಿಗೆ ತೆರಿಗೆ ರಿಟರ್ನ್ ಪುಕ್ಕಟೆಯಾಗಿ ತುಂಬಿಕೊಡುತ್ತಾರೆ. ಆ ವರ್ಷ ಸುಮಾರು 54,000 ಡಾಲರ್ ಆದಾಯದೊಳಗಿನವರು ಬರಬಹುದಿತ್ತು. ನಮ್ಮ ಮೇಜಿಗೆ ಬರುತ್ತಿದ್ದವರಲ್ಲಿ ಅದರ ಅರ್ಧ ಸಂಪಾದಿಸುವವರೂ ಅಪರೂಪ.

ಆ ಊರಿನ ಕಥೆ ಗೊತ್ತಿಲ್ಲದವರಿಗೆ ಎರಡು ಅಂಕಿ ಸಾಕು. 1950ರಲ್ಲಿ ಕ್ಲೀವ್‌ಲ್ಯಾಂಡಿನ ಜನಸಂಖ್ಯೆ 9 ಲಕ್ಷ ದಾಟಿತ್ತು. 2010ರಲ್ಲಿ 4 ಲಕ್ಷವೂ ಇರಲಿಲ್ಲ. ಕಾರ್ಖಾನೆಗಳು ಹೋದವು, ಅನುಕೂಲಸ್ಥರು ಹೊರವಲಯಕ್ಕೆ ಹೋದರು, ಉಳಿದವರನ್ನು 2007ರ ಸುಮಾರಿಗೆ ಮನೆಸಾಲದ ಜಪ್ತಿ ಹಿಡಿಯಿತು. ಸ್ಲಾವಿಕ್ ವಿಲೇಜ್ ಎಂಬ ಬಡಾವಣೆಯ ಹೆಸರು ಇಡೀ ದೇಶದ ಪತ್ರಿಕೆಗಳಲ್ಲಿ ಬಂದದ್ದು ಆಗಲೇ. ಮನೆ ಖಾಲಿಯಾದ ಮೇಲೆ ಮೊದಲು ನುಗ್ಗುವವರು ತಾಮ್ರದ ಕೊಳವೆ ಕೀಳುವ ಕಳ್ಳರು. ಆಮೇಲೆ ಕಿಟಕಿಗೆ ಪ್ಲೈವುಡ್ ಬಡಿಯುತ್ತಾರೆ. ಪಕ್ಕದ ಮನೆಯವನ ಆಸ್ತಿಯ ಬೆಲೆ ಅಂದೇ ಅರ್ಧ ಸತ್ತಂತೆ.

ಬಜೆಟ್ ಸುದ್ದಿ ಬಂದ ವಾರದ ಶನಿವಾರ ಒಬ್ಬರು ಬಂದರು. ಅರವತ್ತೇಳು ವಯಸ್ಸು, ಒಂದು ಶಾಲೆಯಲ್ಲಿ ಅರ್ಧ ದಿನದ ಕಸ ಗುಡಿಸುವ ಕೆಲಸ, ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾಗದವನ್ನೆಲ್ಲ ಮೇಜಿನ ಮೇಲೆ ಸುರಿದರು. ನನಗೆ ಬೇಕಾದದ್ದು ವರ್ಷದ ಸಂಬಳದ ವಿವರವಿರುವ ಡಬ್ಲ್ಯೂ-2 ಫಾರ್ಮು, ಮಕ್ಕಳ ಸೋಶಿಯಲ್ ಸೆಕ್ಯುರಿಟಿ ಕಾರ್ಡು. ಅವನ್ನು ಆರಿಸಿಕೊಂಡು ಉಳಿದದ್ದನ್ನು ಬದಿಗೆ ಸರಿಸಿದೆ. ದುಡಿಯುವ ಬಡವರಿಗೆ ಸಿಗುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಎಂಬ ತೆರಿಗೆ ಮರುಪಾವತಿ ಇಬ್ಬರು ಮಕ್ಕಳಿದ್ದವರಿಗೆ ಆ ಸಲ ಗರಿಷ್ಠ 5,572 ಡಾಲರ್. ಇವರಿಗೂ ಒಳ್ಳೆಯ ಮೊತ್ತವೇ ಬರುವಂತಿತ್ತು. ಹಿಂದಿನ ವರ್ಷ ಯಾವುದೋ ಅಂಗಡಿಯವನು ಇದೇ ಕೆಲಸಕ್ಕೆ ಕೈತುಂಬ ಶುಲ್ಕ ಕಿತ್ತಿದ್ದನಂತೆ.

ಅಷ್ಟರಲ್ಲಿ ಸಂಸ್ಥೆಯ ಸಂಯೋಜಕಿ ಹಿಂದಿನಿಂದ ಹಾದುಹೋದವಳು ನಿಂತಳು. ನಾನು ಬದಿಗಿಟ್ಟ ರಾಶಿಯಿಂದ ಒಂದು ಲಕೋಟೆ ಎತ್ತಿದಳು. ಅದಿನ್ನೂ ಒಡೆದಿರಲಿಲ್ಲ. "ಇದು ಕೌಂಟಿಯಿಂದ ಬಂದದ್ದು, ಒಡೆಯಲೇ ಸರ್?" ಅವರು ತಲೆಯಾಡಿಸಿದರು. ಕೌಂಟಿ, ಅಂದರೆ ಜಿಲ್ಲಾಡಳಿತ, ಕಳಿಸಿದ ಮನೆ ಕಂದಾಯದ ಬಾಕಿಯ ನೋಟಿಸು. ಕಟ್ಟದಿದ್ದರೆ ಮನೆಯೇ ಹೋಗುವ ಹಾದಿ.

ಆಕೆ ಕುರ್ಚಿ ಎಳೆದುಕೊಂಡು ಕೂತಳು. ಒಹಾಯೊದಲ್ಲಿ 65 ದಾಟಿ ಆದಾಯ ಮಿತಿಯೊಳಗಿದ್ದವರಿಗೆ ಸ್ವಂತ ಮನೆಯ ಬೆಲೆಯಲ್ಲಿ ಒಂದಿಷ್ಟು ಮೊತ್ತಕ್ಕೆ, ಆಗ 25,000 ಡಾಲರಿಗೆ, ಕಂದಾಯ ವಿನಾಯಿತಿ ಇದೆ. ಆದರೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಇವರು ಹಾಕಿಯೇ ಇರಲಿಲ್ಲ, ಹೇಳಿದವರೂ ಇರಲಿಲ್ಲ. ಅರ್ಜಿ ಅಲ್ಲೇ ತುಂಬಿಸಿದಳು. ಬಾಕಿಯನ್ನು ಕಂತಿನಲ್ಲಿ ಕಟ್ಟುವ ಒಪ್ಪಂದಕ್ಕೆ ಸೋಮವಾರ ಯಾರನ್ನು ಕಾಣಬೇಕೆಂದು ಬರೆದುಕೊಟ್ಟಳು. ಹೊರಡುವಾಗ, "ನಿಮ್ಮ ಎಡಗಡೆಯ ಖಾಲಿ ಮನೆಯಲ್ಲಿ ನೀರು ಒಡೆದಿತ್ತಲ್ಲ, ನಿಂತಿತಾ?" ಎಂದೂ ಕೇಳಿದಳು. ಬೀದಿಯ ಒಂದೊಂದು ಮನೆಯೂ ಆಕೆಗೆ ಬಾಯಿಪಾಠ.

ಆಕೆಯ ಸಂಬಳದ ದೊಡ್ಡ ಪಾಲು ಬರುತ್ತಿದ್ದದ್ದು ಬ್ಲಾಕ್ ಗ್ರಾಂಟಿನಿಂದ. ಅದೂ ಧಾರಾಳವಾಗಿ ಬರುವುದಲ್ಲ. ನಗರಕ್ಕೆ ಬಂದ ಗ್ರಾಂಟಿನಲ್ಲಿ ಇಂಥ ಜನಸೇವೆಗೆ ಖರ್ಚು ಮಾಡಬಹುದಾದದ್ದು ಹೆಚ್ಚೆಂದರೆ ಶೇ. 15. ಉಳಿದದ್ದು ಮನೆ ರಿಪೇರಿ, ರಸ್ತೆ, ಪಾಳು ಮನೆ ಕೆಡವುವುದು, ಇಂಥವಕ್ಕೆ.

ಈ ಗ್ರಾಂಟ್ ಪಡೆಯುವ ಊರುಗಳು ಹಣದ ಯೋಜನೆ ಬಗ್ಗೆ ವರ್ಷಕ್ಕೆ ಕನಿಷ್ಠ ಎರಡು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂಬ ನಿಯಮವಿದೆ. ಆ ವಸಂತದ ಸಭೆಗೆ ಸಂಸ್ಥೆಯವರ ಜೊತೆ ನಾನೂ ಹೋದೆ. ಎಂದೂ ಇಲ್ಲದಷ್ಟು ಜನ ಸೇರಿದ್ದರು. ನನ್ನ ಮುಂದಿನ ಸರದಿಯವರು ನಿವೃತ್ತರು, ಟೈ ಕಟ್ಟಿದ್ದರು, ಬಹಳ ಸಭ್ಯರು. ಸರ್ಕಾರ ಯಾಕೆ, ಚರ್ಚುಗಳಿವೆ, ಸ್ವಯಂಸೇವಕರಿದ್ದಾರೆ, ಅವರೇ ನೋಡಿಕೊಳ್ಳಲಿ ಎಂದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ನನಗಾಗಿ ಬರೆದುಕೊಂಡು ಹೋಗಿದ್ದ ಭಾಷಣವನ್ನು ಮಡಚಿ ಜೇಬಿಗಿಟ್ಟೆ. "ಇವರು ಹೇಳಿದ ಸ್ವಯಂಸೇವಕ ನಾನೇ," ಎಂದು ಶುರುಮಾಡಿದೆ. "ನಾನು ಹತ್ತು ಗಂಟೆಗೆ ಬರುತ್ತೇನೆ, ಮೂರಕ್ಕೆ ಹೋಗುತ್ತೇನೆ, ಏಪ್ರಿಲ್ ಮುಗಿದರೆ ಕಾಣುವುದಿಲ್ಲ. ಬಾಗಿಲು ತೆಗೆಯುವವರು, ನನ್ನನ್ನು ಹುಡುಕಿ ಪರೀಕ್ಷೆಗೆ ಕೂರಿಸಿದವರು, ನಾನು ಬದಿಗಿಟ್ಟ ಲಕೋಟೆ ಒಡೆದವರು ಸಂಬಳದವರು. ಅವರು ಹೋದರೆ ನಾನೂ ಇಲ್ಲ." ಅನುಮತಿಸಿದ ನಿಮಿಷಗಳಲ್ಲಿ ಇನ್ನೂ ಉಳಿದಿತ್ತು. ಹೇಳಲು ಬೇರೇನೂ ಇರಲಿಲ್ಲ, ಕೂತೆ.

ಈ ಸಂಸ್ಥೆಗಳೇನೂ ಸತ್ಯಹರಿಶ್ಚಂದ್ರನ ತುಂಡುಗಳಲ್ಲ. ಕೆಲವು ವಾರ್ಡ್ ರಾಜಕಾರಣದ ನೆರಳಲ್ಲೇ ಬದುಕುತ್ತವೆ. ಗ್ರಾಂಟ್ ಹಂಚುವ ಸೂತ್ರವೂ ಹಳೆಯದು, ಸ್ಥಿತಿವಂತ ಊರುಗಳಿಗೂ ಅದರಲ್ಲಿ ಪಾಲಿದೆ. ತಿದ್ದಲಿ, ಲೆಕ್ಕ ಕೇಳಲಿ. ನೆಗಡಿ ಬಂತೆಂದು ಮೂಗನ್ನೇ ಕೊಯ್ಯುವುದಕ್ಕೆ ನನ್ನ ತಕರಾರು. ಮತ್ತೆ, ಫಲಿತಾಂಶ ಅನ್ನುವುದನ್ನು ಅಳೆಯುವುದು ಹೇಗೆ? ಆ ಮನುಷ್ಯನ ಮನೆ ಜಪ್ತಿಯಾಗಿದ್ದರೆ ಅದು ಯಾವುದಾದರೂ ಪಟ್ಟಿಗೆ ಸೇರುತ್ತಿತ್ತು. ಆಗಲಿಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಇಲ್ಲ.

ಸಂಸತ್ತು ಸೊನ್ನೆಯನ್ನು ಒಪ್ಪಲಿಲ್ಲ. ನಾವಷ್ಟೇ ಅಲ್ಲ, ಎರಡೂ ಪಕ್ಷದ ಮೇಯರುಗಳು ಗಲಾಟೆ ಎಬ್ಬಿಸಿದ್ದರು. 2018ರ ಮಾರ್ಚಿನಲ್ಲಿ ಪಾಸಾದ ಮಸೂದೆಯಲ್ಲಿ ಗ್ರಾಂಟ್ ಏರಿ 330 ಕೋಟಿ ಡಾಲರ್ ಆಯಿತು. ಆದರೆ ಶ್ವೇತಭವನದ ಕರಡಿನಲ್ಲಿ ಮರುವರ್ಷವೂ ಸೊನ್ನೆ, ಅದರ ಮುಂದಿನ ವರ್ಷವೂ ಸೊನ್ನೆ. 2025ರಲ್ಲಿ ಮತ್ತೆ ಅದೇ ಸೊನ್ನೆ.

ಕಡಿತವಾಗದೆಯೂ ನಷ್ಟವಾಗುತ್ತದೆ. ಪ್ರತಿ ವಸಂತದಲ್ಲೂ ಕಾಗದದ ಮೇಲೆ ಮಾಯವಾಗುವ ಸಂಬಳವನ್ನು ನಂಬಿ ಮನೆ ಸಾಲ ಕಟ್ಟುವುದು ಯಾರಿಗಾದರೂ ಕಷ್ಟ. ಸಂಯೋಜಕಿ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಹಿಡಿದಳು. ಅವಳ ಜಾಗಕ್ಕೆ ಬಂದ ಹುಡುಗ ಚುರುಕಾಗಿದ್ದ, ಮೊದಲ ತಿಂಗಳು ನಕ್ಷೆ ಹಿಡಿದು ಬೀದಿಗಳನ್ನು ಸುತ್ತಿದ. ಖಾಲಿ ಮನೆ ಯಾವುದು, ಜನವಿರುವುದು ಯಾವುದು ಎಂದು ಹೊರಗಿನಿಂದ ಗೊತ್ತಾಗುತ್ತಿಲ್ಲವೆಂದು ಅವಳಿಗೇ ಫೋನ್ ಮಾಡಿ ಕೇಳುತ್ತಿದ್ದ. ಅವಳು ಊಟದ ಬಿಡುವಿನಲ್ಲಿ ಹೇಳಿಕೊಡುತ್ತಿದ್ದಳು, ಪುಕ್ಕಟೆಯಾಗಿ.