ಡಿಸ್ಕ್ ಜೋಡಿಸಿದೊಡನೆ ಕಿವುಡಾಗುವ ಬ್ಯಾಕಪ್ ಬೋರ್ಡ್

ಬ್ಯಾಕಪ್ ಸರ್ವರ್ ಕೊನೆಗೂ ಮರ್ಯಾದೆಯ ವೇಗದಲ್ಲಿ ಓಡುತ್ತಿದೆ. ಆಪರೇಟಿಂಗ್ ಸಿಸ್ಟಮ್ ಹಾಕಿದ್ದು, ಕಡತ ಕಳುಹಿಸುವ ತಂತ್ರಾಂಶಗಳಾದ ಸಾಂಬಾ ಮತ್ತು ಆರ್‌ಸಿಂಕ್ ಸಿದ್ಧಪಡಿಸಿದ್ದು, ಡಿಸ್ಕಿಗೆ ಎಕ್ಸ್‌ಟಿ4 ಫೈಲ್ ಸಿಸ್ಟಮ್ ಕೊಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದ್ದರಿಂದ ಅವುಗಳನ್ನು ಬಿಟ್ಟು, ಈ ಯೋಜನೆಯ ಬಹುಪಾಲು ಸಮಯವನ್ನು ನುಂಗಿದ ಒಂದೇ ಒಂದು ತೊಂದರೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ವ್ಯವಸ್ಥೆ ಹೀಗಿದೆ: ಲ್ಯಾಪ್‌ಟಾಪ್ ತಂತಿಯ ಮೂಲಕ ರೂಟರಿಗೆ ಸೇರಿದೆ, ಕಪಾಟಿನೊಳಗಿರುವ ಸಣ್ಣ ಬೋರ್ಡ್ ಕಂಪ್ಯೂಟರ್ ತನ್ನ ಒಂದೇ ಒಂದು ಆಂಟೆನಾದಿಂದ ವೈಫೈ ಹಿಡಿಯುತ್ತದೆ, ಅದರ ಯುಎಸ್‌ಬಿ 3.0 ಪೋರ್ಟಿಗೆ ಹೊರಗಿನ ಡಿಸ್ಕ್ ಜೋಡಿಸಲಾಗಿದೆ. ಎರಡೂ ಕಡೆ ವೈಫೈ ಇದ್ದರೆ ದತ್ತಾಂಶದ ಪ್ರತಿಯೊಂದು ತುಂಡು (ಫ್ರೇಮ್) ಗಾಳಿಯಲ್ಲಿ ಎರಡು ಸಲ ಹಾದು ವೇಗ ಅರ್ಧವಾಗುತ್ತದೆಯಲ್ಲ, ಆ ಸಾಧ್ಯತೆ ಇಲ್ಲಿಲ್ಲ. ಕಪಾಟಿನೊಳಗೆ 5 ಗಿಗಾಹರ್ಟ್ಸ್ ಸಂಕೇತ ತೀರಾ ಕ್ಷೀಣವಾದ್ದರಿಂದ 2.4 ಗಿಗಾಹರ್ಟ್ಸ್‌ನಲ್ಲೇ ಆರಂಭಿಸಿದೆ. 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ, 802.11ಎನ್‌ನ ಒಂದೇ ಸ್ಟ್ರೀಮಿಗೆ (ಒಂದು ಆಂಟೆನಾದ ಧಾರೆಗೆ) ಸಿಗುವ ಗರಿಷ್ಠ ಲಿಂಕ್ ದರ ಸೆಕೆಂಡಿಗೆ 72.2 ಮೆಗಾಬಿಟ್, ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ತೋರಿಸಿದ್ದು ಸುಮಾರು 45. ಅಂದರೆ ಸೆಕೆಂಡಿಗೆ ಐದೂವರೆ ಮೆಗಾಬೈಟ್. ರಾತ್ರಿಯ ಬ್ಯಾಕಪ್‌ಗೆ ಇಷ್ಟು ಸಾಕು. ಡಿಸ್ಕನ್ನು ಬೋರ್ಡಿನಲ್ಲೇ ದತ್ತಾಂಶ ನಕಲಿಸುವ ಡಿಡಿ ಆದೇಶದಿಂದ ಅಳೆದಾಗ ಬರೆಯುವ ವೇಗ ಸೆಕೆಂಡಿಗೆ 100 ಮೆಗಾಬೈಟ್ ದಾಟಿತ್ತು.

ಹೀಗೆ ಬಿಡಿಬಿಡಿಯಾಗಿ ಎರಡೂ ಸರಿಯಾಗಿದ್ದರೂ, ಕಡತವೊಂದನ್ನು ನಿಜವಾಗಿ ಕಳುಹಿಸಿದರೆ ವೇಗ ಸೆಕೆಂಡಿಗೆ ಅರ್ಧ ಮೆಗಾಬೈಟಿಗೆ ಕುಸಿಯುತ್ತಿತ್ತು.

ಮೊದಲ ಸಂಶಯ ಸಾಂಬಾದ ಮೇಲೆ ಬೀಳುವುದು ವಾಡಿಕೆ. ಆದರೆ ಆರ್‌ಸಿಂಕ್ ಕೂಡ ಅಷ್ಟೇ ನಿಧಾನವಾಗಿದ್ದು, ಪ್ರೊಸೆಸರ್ ಬಹುತೇಕ ಖಾಲಿ ಕುಳಿತಿದ್ದರಿಂದ ಆ ದಾರಿ ಬೇಗ ಮುಚ್ಚಿತು. ನೆರೆಯವರ ನೆಟ್‌ವರ್ಕ್‌ಗಳನ್ನು ಶಂಕಿಸಿ ಚಾನೆಲ್ 1, 6, 11 ಮೂರನ್ನೂ ಬದಲಿಸಿ ನೋಡಿದಾಗ ಮೂರರಲ್ಲೂ ಒಂದೇ ಫಲಿತಾಂಶ ಬಂತು. ನೆರೆಯವರು ನಿರಪರಾಧಿಗಳೆಂದು ತಿಳಿದದ್ದು ಸ್ವಲ್ಪ ನಿರಾಸೆಯನ್ನೇ ತಂದಿತು. ಬೋರ್ಡಿನಲ್ಲಿ ಸಂಕೇತದ ಬಲ ಮೈನಸ್ 58 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇದ್ದು, ಕಡತ ಹೋಗುವಾಗಲೂ ಅದು ಕದಲುತ್ತಿರಲಿಲ್ಲ.

ಬೀಗ ತೆರೆದದ್ದು ಒಂದು ಸರಳ ಪರೀಕ್ಷೆ. ಡಿಸ್ಕನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಕೇಬಲ್ ಮಾತ್ರ ಸಿಕ್ಕಿಸಿಟ್ಟು ಐಪರ್ಫ್3 ಓಡಿಸಿದೆ: 4 ಮೆಗಾಬಿಟ್. ಕೇಬಲ್ ಕಿತ್ತೆ: 45. ಮತ್ತೆ ಸಿಕ್ಕಿಸಿದೆ: 4. ಡಿಸ್ಕಿಗೆ ಒಂದು ಬೈಟ್ ಕೂಡ ಹೋಗದಿದ್ದಾಗ ಫೈಲ್ ಸಿಸ್ಟಮ್, ಕ್ಯಾಶ್, ಪ್ರೋಟೋಕಾಲ್ ಯಾವುದನ್ನೂ ದೂರುವಂತಿಲ್ಲ. ಡಿಸ್ಕ್ ಅಲ್ಲಿ ಇರುವುದೇ ತೊಂದರೆಯಾಗಿತ್ತು.

ಕಾರಣ ಯುಎಸ್‌ಬಿ 3.0ರ ಸ್ವಭಾವದಲ್ಲೇ ಇದೆ. ಅದರ ತಂತಿಗಳಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ಸಂಕೇತ ಹರಿಯುತ್ತದೆ. ಅದರ ಶಕ್ತಿ ಒಂದು ಕಿರಿದಾದ ಆವರ್ತನದಲ್ಲಿ ನಿಲ್ಲದೆ ಕೆಳಗಿನಿಂದ 5 ಗಿಗಾಹರ್ಟ್ಸ್ ಸಮೀಪದವರೆಗೂ ಹರಡಿಕೊಂಡಿರುತ್ತದೆ, ಮತ್ತು ವೈಫೈಯ 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿ ಅದರ ನಡುವಿನಲ್ಲೇ ಬರುತ್ತದೆ. ಲಿಂಕ್ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಯದಿದ್ದರೆ, ಕಳುಹಿಸಲು ದತ್ತಾಂಶವಿಲ್ಲದಾಗಲೂ ಯಾದೃಚ್ಛಿಕವಾಗಿ ತೋರುವಂತೆ ಕಲಸಿದ ಚಿಹ್ನೆಗಳು ಹರಿಯುತ್ತಲೇ ಇರುತ್ತವೆ. ಕೇಬಲ್ಲಿನ ಅಥವಾ ಕನೆಕ್ಟರಿನ ಶೀಲ್ಡಿಂಗ್ (ಲೋಹದ ಹೊದಿಕೆ) ಸಡಿಲವಾದಲ್ಲಿ ಅದು ಹೊರಗೆ ಸೋರುತ್ತದೆ. ಇಂಟೆಲ್ 2012ರಲ್ಲೇ ಈ ವಿಷಯದ ಬಗ್ಗೆ ಶ್ವೇತಪತ್ರ ಪ್ರಕಟಿಸಿದೆ. ಗದ್ದಲ ಇಡೀ ಪಟ್ಟಿಗೆ ಹರಡಿರುವುದರಿಂದಲೇ ಚಾನೆಲ್ ಬದಲಾವಣೆಯಿಂದ ಏನೂ ಆಗಲಿಲ್ಲ. ಬರುವ ಸಂಕೇತ ಕುಗ್ಗದೆ ಗದ್ದಲ ಮಾತ್ರ ಏರಿದ್ದರಿಂದಲೇ ಡಿಬಿಎಂ ಅಂಕಿ ಕದಲಲಿಲ್ಲ. ಪರದೆಯ ಮೂಲೆಯಲ್ಲಿ ತುಂಬಿ ನಿಂತಿರುವ ವೈಫೈ ಗೆರೆಗಳನ್ನು ನಂಬಬಾರದೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಊಹೆ ನಿಜವಾದರೆ ತೊಂದರೆ ಒಂದು ದಿಕ್ಕಿನಲ್ಲಿ ಮಾತ್ರ ಹೆಚ್ಚಿರಬೇಕು. ಕಿವಿಯ ಪಕ್ಕದಲ್ಲೇ ಡೋಲು ಬಡಿಯುತ್ತಿದ್ದರೆ, ಆ ಮನುಷ್ಯ ದೂರದವನಿಗೆ ಕೂಗಿ ಹೇಳಬಲ್ಲನೇ ಹೊರತು ದೂರದವನ ಮಾತನ್ನು ಕೇಳಿಸಿಕೊಳ್ಳಲಾರ. ಐಪರ್ಫ್3ರ ರಿವರ್ಸ್ ಆಯ್ಕೆಯಿಂದ ಬೋರ್ಡೇ ಕಳುಹಿಸುವಂತೆ ಮಾಡಿದಾಗ 28 ಮೆಗಾಬಿಟ್ ಬಂತು. ಪೂರ್ತಿ 45 ಏಕಿಲ್ಲವೆಂದರೆ, ದತ್ತಾಂಶ ತಲುಪಿತೆಂದು ತಿಳಿಸುವ ಟಿಸಿಪಿ ಪ್ರೋಟೋಕಾಲಿನ ಸ್ವೀಕೃತಿ ಪ್ಯಾಕೆಟ್‌ಗಳು ಬೋರ್ಡಿಗೆ ಮರಳಿ ಬರಬೇಕಲ್ಲ, ಅವು ಅದೇ ಗದ್ದಲವನ್ನು ದಾಟಬೇಕು. ಅಂಥ ಸ್ವೀಕೃತಿ ಬೇಡದ ಯುಡಿಪಿಯಲ್ಲಿ ಕಳುಹಿಸಿದಾಗ ವೇಗದ ನಷ್ಟ ಬಹುಮಟ್ಟಿಗೆ ಮಾಯವಾಯಿತು. ಆಕ್ಸೆಸ್ ಪಾಯಿಂಟಿನ (ವೈಫೈ ಕೊಡುವ ಸಾಧನದ) ಕಡೆಯಿಂದ ನೋಡಿದರೆ ಬೋರ್ಡಿಗೆ ಕಳುಹಿಸುವ ಲಿಂಕ್ ದರ 72.2ರಿಂದ 6.5ಕ್ಕೆ ಇಳಿದಿತ್ತು, ಮರುಪ್ರಯತ್ನಗಳ ಎಣಿಕೆ ಓಡುತ್ತಿತ್ತು.

ಅಗ್ಗದ ಪರಿಹಾರ ತಕ್ಷಣವೇ ಕೈಯಲ್ಲಿತ್ತು: ಡಿಸ್ಕನ್ನು ಪಕ್ಕದ ಯುಎಸ್‌ಬಿ 2.0 ಪೋರ್ಟಿಗೆ ಹಾಕುವುದು. ನಿಧಾನದ ಪೋರ್ಟಿಗೆ ಹಾಕಿದರೆ ವೇಗ ಹತ್ತು ಪಟ್ಟು ಹೆಚ್ಚುತ್ತದೆ ಎಂದು ಯಾರಿಗಾದರೂ ಹೇಳಿ, ಅವರ ಮುಖ ನೋಡಬೇಕು. ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ಇಡೀ ಡಿಸ್ಕನ್ನು ಆಗಾಗ ಓದಿ ಚೆಕ್‌ಸಮ್ (ದತ್ತಾಂಶ ಕೆಟ್ಟಿಲ್ಲವೆಂದು ತೋರುವ ಸಂಖ್ಯೆ) ತಾಳೆ ನೋಡುವ ಕೆಲಸ ಆ ಪೋರ್ಟಿನಲ್ಲಿ ಮುಗಿಯುವುದೇ ಇಲ್ಲ.

ಆದ್ದರಿಂದ ಒಳ್ಳೆಯ ಶೀಲ್ಡಿಂಗ್ ಇರುವ ಕೇಬಲ್ ತರಿಸಿದೆ. ಮಾರಾಟಗಾರರ ವಿವರಣೆಯಲ್ಲಿ ಎರಡು ಪದರದ ಶೀಲ್ಡಿಂಗ್ ಎಂದಿತ್ತು. ಗದ್ದಲ ಎಳ್ಳಷ್ಟೂ ತಗ್ಗದಿದ್ದಾಗ ಸಿಪ್ಪೆ ಸುಲಿದು ನೋಡಿದರೆ, ಪದರಗಳೇನೋ ಎರಡಿದ್ದವು; ಆದರೆ ಅವು ಕನೆಕ್ಟರಿನ ಲೋಹದ ಚಿಪ್ಪನ್ನು ಸುತ್ತಲೂ ಮುಟ್ಟುವ ಬದಲು ಒಂದು ಎಳೆ ತಂತಿಯಲ್ಲಿ ನೇತಾಡುತ್ತಿದ್ದವು. 2.4 ಗಿಗಾಹರ್ಟ್ಸ್‌ನಲ್ಲಿ ಅಂಥ ಎಳೆ ಶೀಲ್ಡ್ ಅಲ್ಲ, ಆಂಟೆನಾ. ಹಿಂದಿರುಗಿಸಲು ಕೇಳಿದರೆ, ಕತ್ತರಿಸಿದ ಕೇಬಲ್ ಹಿಂದಕ್ಕೆ ಪಡೆಯುವುದಿಲ್ಲವೆಂಬ ಉತ್ತರ ಬಂತು. ಕತ್ತರಿಸದೆ ಒಳಗೇನಿದೆಯೆಂದು ತಿಳಿಯುವ ಬಗೆಯನ್ನು ಅವರು ತಿಳಿಸಲಿಲ್ಲ. ಅಲ್ಯೂಮಿನಿಯಂ ಹಾಳೆಯ ಪ್ರಯೋಗವನ್ನೂ ಮಾಡಿದ್ದಾಯಿತು: ಬೋರ್ಡನ್ನು ಅವಾಹಕ ಪದರದ ಮೇಲೆ ಪೂರ್ತಿ ಸುತ್ತಿದರೆ ಗದ್ದಲದ ಜೊತೆಗೆ ನೆಟ್‌ವರ್ಕೂ ಅಚ್ಚುಕಟ್ಟಾಗಿ ನಿಂತುಹೋಗುತ್ತದೆ.

ಈ ಕೇಬಲ್ ಪ್ರಕರಣದಿಂದ ಮುಂದಿನ ಯೋಜನೆ ಹುಟ್ಟಿಕೊಂಡಿದೆ. ಕೋಆಕ್ಸಿಯಲ್ ಕೇಬಲ್ಲಿನ ತುಂಡನ್ನು ಸಣ್ಣ ಬಳೆಯಂತೆ ಬಾಗಿಸಿ, ಸಮೀಪಕ್ಷೇತ್ರದ ಪ್ರೋಬ್ (ಹತ್ತಿರದ ಸೋರಿಕೆಯನ್ನು ಹಿಡಿಯುವ ಸಾಧನ) ಒಂದನ್ನು ತಯಾರಿಸಿ, ಅದನ್ನು ಆರ್‌ಟಿಎಲ್ ಎಸ್‌ಡಿಆರ್ ಎಂಬ ಅಗ್ಗದ ಯುಎಸ್‌ಬಿ ರೇಡಿಯೊ ಡಾಂಗಲ್ಲಿಗೆ ಜೋಡಿಸಬೇಕೆಂದಿದ್ದೇನೆ. ಆರ್820ಟಿ ಟ್ಯೂನರ್ ಇರುವ ಡಾಂಗಲ್ ಸುಮಾರು 1.7 ಗಿಗಾಹರ್ಟ್ಸ್‌ವರೆಗೆ ಮಾತ್ರ ಕೇಳಿಸಿಕೊಳ್ಳುತ್ತದೆ ನಿಜ. ಆದರೆ ಗದ್ದಲ ಅಲ್ಲೂ ಹರಡಿರುವುದರಿಂದ ಎರಡು ಕೇಬಲ್‌ಗಳನ್ನು ಪರಸ್ಪರ ಹೋಲಿಸಲು ಅಡ್ಡಿಯಾಗಲಾರದು. ಮುಂದೆ ಯಾವ ಕೇಬಲ್ಲಿನ ಚರ್ಮವನ್ನೂ ಸುಲಿಯಬೇಕಾಗಿಲ್ಲ.

ಸದ್ಯದ ಪರಿಹಾರ ಗದ್ದಲವನ್ನು ತಡೆಯುವುದಲ್ಲ, ಕಿವಿಯನ್ನೇ ದೂರ ಒಯ್ಯುವುದು. ಯುಎಸ್‌ಬಿ ವೈಫೈ ಅಡಾಪ್ಟರ್ ಒಂದನ್ನು ಯುಎಸ್‌ಬಿ 2.0 ವಿಸ್ತರಣಾ ಕೇಬಲ್ಲಿನಲ್ಲಿ ಕಪಾಟಿನ ಹೊರಗೆ ತಂದಿಟ್ಟೆ. ಪೆಟ್ಟಿಗೆಯ ಮೇಲೆ 1200 ಎಂದು ದೊಡ್ಡದಾಗಿ ಅಚ್ಚಾಗಿರುವುದು 2.4ರ 300 ಮತ್ತು 5ರ 867ನ್ನು ಕೂಡಿ, ಮೇಲಕ್ಕೆ ದುಂಡಾಗಿಸಿದ ಅಂಕಿ. ಎರಡನ್ನೂ ಒಟ್ಟಿಗೆ ಕೊಡುವ ಉದ್ದೇಶ ಅಡಾಪ್ಟರಿಗೆ ಇಲ್ಲ. ಮಾದರಿ ಸಂಖ್ಯೆ ಅದೇ ಇದ್ದರೂ ಒಳಗಿನ ಚಿಪ್ ಬದಲಾಗಿತ್ತು, ಚಾಲಕ ತಂತ್ರಾಂಶವನ್ನು ಬೇರೆಯಾಗಿ ಕಂಪೈಲ್ ಮಾಡಬೇಕಾಯಿತು, ಮತ್ತು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಬದಲಾದಾಗಲೆಲ್ಲ ಆ ಶಿಕ್ಷೆ ಮರುಕಳಿಸಲಿದೆ.

ಆದರೂ ಫಲ ಸಿಕ್ಕಿದೆ. ಕಪಾಟಿನ ಹೊರಗೆ 5 ಗಿಗಾಹರ್ಟ್ಸ್ ಸಂಕೇತ ಮೈನಸ್ 66 ಡಿಬಿಎಂ ಬರುತ್ತದೆ, ಯುಎಸ್‌ಬಿ ಗದ್ದಲ ಆ ಪಟ್ಟಿಯಲ್ಲಿ ಬಹಳ ಕಡಿಮೆ, ಮತ್ತು ಡಿಸ್ಕ್ ಮತ್ತೆ 3.0 ಪೋರ್ಟಿನಲ್ಲಿದ್ದರೂ ದೊಡ್ಡ ಕಡತಗಳು ಸೆಕೆಂಡಿಗೆ 28 ಮೆಗಾಬೈಟಿನಂತೆ ಹೋಗುತ್ತಿವೆ. ಉಳಿದಿರುವುದು ಸಾವಿರಾರು ಪುಟ್ಟ ಕಡತಗಳಿರುವ ಹಳೆಯ ಮೇಲ್ ಫೋಲ್ಡರ್. ಸಾಂಬಾದಲ್ಲಿ ಪ್ರತಿ ಕಡತಕ್ಕೂ ತೆರೆಯುವ, ಮುಚ್ಚುವ, ಗುಣಲಕ್ಷಣ ಬರೆಯುವ ಮಾತುಕತೆ ಬೇರೆಬೇರೆಯಾಗಿ ನಡೆಯುವುದರಿಂದ ಅಲ್ಲಿ ವೇಗ ಒಂದು ಮೆಗಾಬೈಟನ್ನೂ ಮುಟ್ಟುತ್ತಿಲ್ಲ. ಅದನ್ನು, ಕಡತಗಳನ್ನು ಒಂದೇ ಕಟ್ಟಾಗಿಸುವ ಟಾರ್ ಮೂಲಕ, ಒಂದೇ ಧಾರೆಯಾಗಿ ಸುರಕ್ಷಿತ ಸಂಪರ್ಕವಾದ ಎಸ್‌ಎಸ್‌ಎಚ್‌ನಲ್ಲಿ ಕಳುಹಿಸಿ ಅಳೆಯುವುದು ಮುಂದಿನ ಹಂತ.