‘ಎಷ್ಟು ಜನರ ಜೊತೆ ದ್ವಂದ್ವಯುದ್ಧ ಮಾಡಿದ?’

ಹದಿನೆಂಟನೇ ಶತಮಾನದಲ್ಲಿ ದ್ವಂದ್ವಗಳಿಗೆ ಹೆಸರಾಗಿದ್ದ ಜಾರ್ಜ್ ರಾಬರ್ಟ್ ಫಿಟ್ಸ್‌ಜೆರಾಲ್ಡ್ ಬಗ್ಗೆ ನಾನು ಬಾಯಿ ಬಿಟ್ಟರೆ ಸಾಕು, ಇದೇ ಪ್ರಶ್ನೆ. ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೇಳುತ್ತಾರೆ. ಇನ್ನು ಮುಂದೆ ನಾನು ಲೆಕ್ಕ ಹೇಳುವುದಿಲ್ಲ. ಅದು ಅವನ ಬದುಕಿನಲ್ಲಿ ಮುಖ್ಯವಾದದ್ದೇ ಅಲ್ಲ.

ಅವನು ಐರ್ಲೆಂಡಿನ ಮೇಯೊ ಕೌಂಟಿಯ ಟರ್ಲೋ ಜಮೀನ್ದಾರರ ಮಗ. ತಾಯಿ ಇಂಗ್ಲೆಂಡಿನ ಶ್ರೀಮಂತರಾದ ಬ್ರಿಸ್ಟಲ್ ಅರ್ಲ್ ಮನೆತನದವಳು. ಓದಿದ್ದು ಇಂಗ್ಲೆಂಡಿನ ದೊಡ್ಡವರ ಮಕ್ಕಳ ಶಾಲೆ ಈಟನ್‌ನಲ್ಲಿ. ಆಗಿನ ದೊಡ್ಡ ಮನೆಯವರಿಗೆ ದ್ವಂದ್ವ ಅಂದರೆ ಮರ್ಯಾದೆ. 1777ರಲ್ಲಿ ಐರ್ಲೆಂಡಿನ ಕ್ಲಾನ್ಮೆಲ್‌ ಊರಿನಲ್ಲಿ ಅದಕ್ಕೆ ನಿಯಮಗಳನ್ನೇ ಬರೆದಿಟ್ಟರು. ಮೇಯೊದವರೂ ಅಲ್ಲಿದ್ದರು.

ಇವನ ಮರ್ಯಾದೆ ಎಂಥದ್ದು? 1773ರಲ್ಲಿ ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ನಟಿ ಮಿಸೆಸ್ ಹಾರ್ಟ್ಲಿಯನ್ನು ಇವನ ಗುಂಪು ಕಾಡಿತು. ಅವಳ ಜೊತೆಗಿದ್ದ ಪಾದ್ರಿ ಹೆನ್ರಿ ಬೇಟ್ ತಿರುಗಿಬಿದ್ದ. ಫಿಟ್ಸ್‌ಜೆರಾಲ್ಡ್ ತನ್ನ ಆಳಿಗೇ ‘ಕ್ಯಾಪ್ಟನ್ ಮೈಲ್ಸ್’ ಅಂತ ಹೆಸರಿಟ್ಟು ಬೇಟ್ ಮೇಲೆ ಛೂ ಬಿಟ್ಟ. ಪಾದ್ರಿ ಆ ಆಳನ್ನು ಬರಿಗೈಯಲ್ಲೇ ಹಣ್ಣುಗಾಯಿ ನೀರುಗಾಯಿ ಮಾಡಿದ. ಈ ಕತೆಗೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಗುಣ ಇಲ್ಲೇ ಕಾಣುತ್ತದೆ ಅಲ್ವಾ? ಜಗಳ ಇವನದು, ಏಟು ಆಳಿಗೆ.

ಚಾರ್ಲ್ಸ್ ಹಿಪ್ಸನ್ ಯಾಕೆ ಸತ್ತ ಅಂತ ಕೇಳಿ. ಯಾರೂ ಕೇಳುವುದಿಲ್ಲ.

1786ರ ಫೆಬ್ರವರಿ. ಊರಿನ ವೈರಿ ಪ್ಯಾಟ್ರಿಕ್ ರಾಂಡಲ್ ಮೆಕ್‌ಡೊನೆಲ್‌ನನ್ನು ಫಿಟ್ಸ್‌ಜೆರಾಲ್ಡ್ ವಾರಂಟ್ ತೋರಿಸಿ ಹಿಡಿಸಿದ. ಜೊತೆಗೆ ಸಿಕ್ಕವರು ಹಿಪ್ಸನ್ ಮತ್ತು ಆಂಡ್ರ್ಯೂ ಗ್ಯಾಲಗರ್. ಕೈದಿಯನ್ನು ಬಿಡಿಸಲು ಯಾರಾದರೂ ಬಂದರೆ ಆ ಕೈದಿಯನ್ನೇ ಕೊಲ್ಲಬಹುದು, ಕಾನೂನು ತಡೆಯದು ಅಂತ ವಕೀಲ ತಿಮೋತಿ ಬ್ರೆಕ್‌ನಾಕ್ ಇವನ ತಲೆಗೆ ತುಂಬಿದ್ದ. ಸರಿ, ದಾರಿಯಲ್ಲಿ ಇವನ ಆಳುಗಳೇ ಬಿಡಿಸಲು ಬಂದವರಂತೆ ನಾಟಕ ಆಡಿದರು. ಹಿಪ್ಸನ್, ಗ್ಯಾಲಗರ್ ಇಬ್ಬರನ್ನೂ ಒಟ್ಟಿಗೆ ಕಟ್ಟಿದ್ದರು. ಹಿಪ್ಸನ್ ಗುಂಡಿಗೆ ಬಿದ್ದ. ಗಾಯಗೊಂಡ ಗ್ಯಾಲಗರ್ ಸತ್ತವನ ಹಾಗೆ ಬಿದ್ದುಕೊಂಡ. ಆಮೇಲೆ ಮೆಕ್‌ಡೊನೆಲ್‌ನನ್ನೂ ಕೊಂದರು.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಎದುರಾಳಿಯ ಕೈಗೂ ಪಿಸ್ತೂಲು ಕೊಡಬೇಕು ಅನ್ನುವ ನಿಯಮದಲ್ಲಿ ಹೆಸರು ಮಾಡಿದವನು, ಕೈ ಕಟ್ಟಿದವರನ್ನು ಬೇರೆಯವರಿಂದ ಕೊಲ್ಲಿಸಿದ. ಇವನನ್ನು ‘ವೀರ’ ಅಂತ ಯಾವ ಬಾಯಲ್ಲಿ ಹೇಳಲಿ?

ಜೂನ್ 12ರಂದು ಕ್ಯಾಸಲ್‌ಬಾರ್‌ನಲ್ಲಿ ಅವನನ್ನೂ ಬ್ರೆಕ್‌ನಾಕ್‌ನನ್ನೂ ಗಲ್ಲಿಗೇರಿಸಿದರು. ಆಗ ಅವನಿಗೆ ಇನ್ನೂ ನಲವತ್ತಾಗಿರಲಿಲ್ಲ. ಮೊದಲ ಹಗ್ಗ ಹರಿಯಿತು ಅನ್ನುವ ಕತೆ ಎಲ್ಲರಿಗೂ ಇಷ್ಟ. ನಾನು ಹೇಳಬೇಕೆಂದಿರುವುದು ಗ್ಯಾಲಗರ್ ಕತೆ. ಹೆಣದ ಜೊತೆ ಕಟ್ಟಿಸಿಕೊಂಡು ಬಿದ್ದಿದ್ದ ಆ ಮನುಷ್ಯ ಬದುಕಿ ಬಂದು, ನಡೆದದ್ದನ್ನೆಲ್ಲ ಕೋರ್ಟಿನಲ್ಲಿ ಹೇಳಿದ.