ಬುದ್ಧ ಮಲಗಿದ್ದ, ಬ್ಯಾಟರಿಯೂ ಮಲಗಿತು

ಡಾರ್ಜಿಲಿಂಗ್ ಬಳಿಯ ಮಾನೇಭಂಜನದಿಂದ ಸಂದಕ್‌ಫು ಚಾರಣಕ್ಕೆ ಹೊರಟ ದಿನ ನನ್ನ ಕ್ಯಾಮೆರಾ ಬೆನ್ನಚೀಲದ ತಳದಲ್ಲಿ, ಮಳೆಕೋಟಿನ ಅಡಿಯಲ್ಲಿ ಭದ್ರವಾಗಿತ್ತು. ಚಿತ್ರೆಯ ಏರಿನಲ್ಲಿ ಮಂಜು ಸರಿದು, ಹಳೇ ಲ್ಯಾಂಡ್ ರೋವರ್ ಒಂದು ತಿರುವಿನಲ್ಲಿ ಏದುಸಿರು ಬಿಡುತ್ತಾ ಹತ್ತಿ ಬಂತು. ಚೀಲ ಇಳಿಸಿ, ಜಿಪ್ ಎಳೆದು, ಕೋಟು ಕಿತ್ತುಹಾಕುವಷ್ಟರಲ್ಲಿ ಗಾಡಿ ದಾಟಿಹೋಗಿ ಡೀಸೆಲ್ ವಾಸನೆಯಷ್ಟೇ ಉಳಿದಿತ್ತು. ಟುಮ್ಲಿಂಗ್ ಸೇರಿದ ಸಂಜೆ ಚಹಾಕ್ಕೂ ಮೊದಲು ಮಾಡಿದ ಕೆಲಸವೆಂದರೆ ಕ್ಯಾಮೆರಾವನ್ನು ಚೀಲದ ಎದೆಪಟ್ಟಿಗೆ ಸಿಕ್ಕಿಸಿದ್ದು. ಏದುಸಿರಿನಲ್ಲಿ ನಡೆಯುವವನು ಒಂದು ಫೋಟೊಗಾಗಿ ಚೀಲ ಬಿಚ್ಚುವುದಿಲ್ಲ. ನಾಳೆ ತೆಗೆದರಾಯಿತು ಅಂದುಕೊಂಡು ಮುಂದೆ ಹೋಗುತ್ತಾನೆ.

ಸಿಂಗಲೀಲಾ ದಿಣ್ಣೆಯ ಈ ದಾರಿ ಒಮ್ಮೆ ಭಾರತದಲ್ಲಿ, ಒಮ್ಮೆ ನೇಪಾಳದಲ್ಲಿ. ನವೆಂಬರ್ ಆದ್ದರಿಂದ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ, ಮಧ್ಯಾಹ್ನವಾದರೆ ಮೋಡ. ಮಧ್ಯಾಹ್ನದ ಫೋಟೊಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲ ಸಪ್ಪೆ.

ಮೂರನೇ ದಿನ ಸಂದಕ್‌ಫು, 3636 ಮೀಟರ್. ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಇಲ್ಲಿಂದ ಕಾಣುತ್ತವೆ: ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು. ಕಾಂಚನಜುಂಗಾದ ಸಾಲು ಅಂಗಾತ ಮಲಗಿದ ಬುದ್ಧನಂತಿದೆ. ಆ ಬುದ್ಧನ ಮುಖವಾಗಿರುವ ಶಿಖರಕ್ಕೆ ನೇಪಾಳಿಗಳು ಇಟ್ಟ ಹೆಸರು ಕುಂಭಕರ್ಣ. ನಿದ್ದೆಯ ವಿಷಯಕ್ಕೆ ಬಂದರೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಿಕ್ಕಿಲ್ಲ.

ನಸುಕಿನಲ್ಲಿ ಎದ್ದು ಹೊರಗೆ ನಿಂತೆ. ಮೊದಲು ಕಾಂಚನಜುಂಗಾದ ನೆತ್ತಿ ಕೆಂಡದ ಬಣ್ಣಕ್ಕೆ ತಿರುಗಿತು. ಹತ್ತು ಫೋಟೊ ತೆಗೆದಿರಬಹುದು, ಅರ್ಧಕ್ಕಿಂತ ಹೆಚ್ಚು ಚಾರ್ಜ್ ತೋರಿಸುತ್ತಿದ್ದ ಬ್ಯಾಟರಿ ಕಣ್ಣು ಮುಚ್ಚಿತು. ಇನ್ನೊಂದು ಬ್ಯಾಟರಿಯೂ ರಾತ್ರಿಯೆಲ್ಲ ಚೀಲದಲ್ಲೇ ಮರಗಟ್ಟಿತ್ತು. ಕಂಕುಳಲ್ಲಿಟ್ಟು ಬಿಸಿ ಮಾಡಿದರೆ ಕೊಂಚ ಜೀವ ಬರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಕೆಂಪು ಆರಿ ಬಿಳಿಯಾಗಿತ್ತು.

ಆ ಹತ್ತು ಫೋಟೊಗಳಾದರೂ ಹೇಗಿದ್ದವು ಅಂತೀರಿ? ಅಗಲದ ಚಿತ್ರಗಳಲ್ಲಿ ಮುಂದಿನ ದಿಣ್ಣೆ ಕತ್ತಲಾಗಿದ್ದರಿಂದ, ಅದನ್ನು ಬೆಳಗಿಸಲು ಹೋದ ಕ್ಯಾಮೆರಾ ಹಿಮವನ್ನು ಸುಣ್ಣದ ಗೋಡೆ ಮಾಡಿಟ್ಟಿತ್ತು. ಆಮೇಲೆ ಜೊತೆಗಿದ್ದ ಗೆಳೆಯನ, ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸ್ ಹಾಕಿ ಬರೀ ಹಿಮವನ್ನೇ ತುಂಬಿಸಿದರೆ ತದ್ವಿರುದ್ಧ, ಎಲ್ಲ ಬೂದಿ ಬಣ್ಣ. ಎದುರಿಗಿರುವುದೆಲ್ಲ ನಡುಬೂದು ಎಂದೇ ಕ್ಯಾಮೆರಾದ ಲೆಕ್ಕ. ಹಿಮ ತುಂಬಿದಾಗ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡರಷ್ಟು, ಏರಿಸಬೇಕು, ಕತ್ತಲೆಯ ಮುನ್ನೆಲೆ ಇದ್ದಾಗ ಇಳಿಸಬೇಕು. ಇದನ್ನು ಓದಿದ್ದೆ, ಆದರೆ ಚಳಿಗೆ ಬೆರಳಿನ ಜೊತೆ ತಲೆಯೂ ಮರಗಟ್ಟುತ್ತದೆ.

ಇನ್ನೂ ಒಂದು ಪೆದ್ದುತನ ಬಾಕಿಯಿತ್ತು. ಆ ತಣ್ಣನೆಯ ಕ್ಯಾಮೆರಾ ಹಿಡಿದು ನೇರ ಅಡುಗೆಮನೆಯ ಒಲೆಯ ಪಕ್ಕ ಕೂತೆ. ಲೆನ್ಸಿನ ಮೇಲೆ ಹಬೆ ಕೂತು ನೀರಾಯಿತು. ಲಾಡ್ಜಿನ ದೀದಿ ನೋಡಿ ನಗುತ್ತಾ ಒಂದು ಪ್ಲಾಸ್ಟಿಕ್ ಕವರ್ ತಂದುಕೊಟ್ಟರು. ಒಳಗೆ ಬರುವ ಮುಂಚೆಯೇ ಅದರಲ್ಲಿ ಹಾಕಿ ಬಾಯಿ ಕಟ್ಟಬೇಕಂತೆ, ಹಬೆ ಕವರಿನ ಮೇಲೆ ಕೂರುತ್ತದೆ. ಕ್ಯಾಮೆರಾ ಒಣಗಿದ ಮೇಲೆ ಕಿಟಕಿಯ ಬೆಳಕಿನಲ್ಲಿ ಹಿಟ್ಟು ನಾದುತ್ತಿದ್ದ ಅವರದೇ ಒಂದು ಫೋಟೊ ಕೇಳಿದೆ. "ಒಂದ್ನಿಮಿಷ" ಎಂದು ಒಳಗೆ ಹೋಗಿ ತಲೆ ಬಾಚಿಕೊಂಡು ಬಂದರು. ಇಡೀ ಪ್ರವಾಸದಲ್ಲಿ ಚೌಕಟ್ಟು ಹಾಕಿಸಿದ್ದು ಅದೊಂದನ್ನೇ.

ಅಲ್ಲಿಂದ ಮುಂದಿನ ತಂಗುದಾಣ ಫಾಲೂಟಿಗೆ 21 ಕಿಲೋಮೀಟರ್. ಅಂದು ರಾತ್ರಿ ಬ್ಯಾಟರಿಗಳನ್ನು ಸ್ಲೀಪಿಂಗ್ ಬ್ಯಾಗಿನೊಳಗೆ, ಕಾಲುಚೀಲದಲ್ಲಿ ಸುತ್ತಿ ಮಗುವಿನಂತೆ ತಬ್ಬಿಕೊಂಡು ಮಲಗಿದೆ. ಬೆಳಿಗ್ಗೆ ಎಲ್ಲ ತಯಾರು. ಬುದ್ಧ ಮಾತ್ರ ಮುಸುಕು ಹಾಕಿಕೊಂಡಿದ್ದ. "ಮಗಾ, ಬ್ಯಾಟರಿ ಬೆಚ್ಚಗಿದ್ಯಾ?" ಎಂದ ಗೆಳೆಯ. ನಲವತ್ತು ನಿಮಿಷ ಕಾದೆವು. ಮೋಡ ಒಂದು ಕಡೆ ಹರಿದು ಕುಂಭಕರ್ಣನ ಮುಖವಷ್ಟೇ ಕಂಡಿತು, ಎರಡು ನಿಮಿಷ ಇದ್ದಿರಬಹುದು. ಒಂಬತ್ತು ಫೋಟೊ ಸಿಕ್ಕವು. ಅದರಲ್ಲಿ ಆರರಲ್ಲಿ ಗೆಳೆಯನ ಮಂಗನ ಟೋಪಿ ಅಡ್ಡ ಬಂದಿದೆ.